ದೇವರ ಮಾತು, ದೇವಸೇವಕರ ಮಾತು

ಸತ್ಯವೇದದ ಒಂದನೇ ಅರಸುಗಳು ಪುಸ್ತಕದ 13ನೇ ಅಧ್ಯಾಯದ ಮೇಲೆ ಯಾರಾದರೂ ಪ್ರಸಂಗ ಮಾಡಿದ್ದನ್ನು ನಾನು ಇವತ್ತಿನವರೆಗೂ ಕೇಳಿಲ್ಲ. ವಿಧೇಯತೆಯ ಬಗ್ಗೆ ಲೆಕ್ಕವಿಲ್ಲದಷ್ಟು ಪ್ರಸಂಗ ಕೇಳಿದ್ದೇನೆ. ಅಬ್ರಹಾಮ ಬರುತ್ತಾನೆ, ಸೌಲ ಬರುತ್ತಾನೆ, ಯೋನ ಬರುತ್ತಾನೆ. ಯೆಹೂದದಿಂದ ಬೇತೇಲಿಗೆ ಬಂದ, ಹೆಸರೂ ಗೊತ್ತಿಲ್ಲದ ಆ ದೇವರ ಮನುಷ್ಯ ಮಾತ್ರ ಬರುವುದೇ ಇಲ್ಲ. ಸಭೆಯಲ್ಲಿ ಯಾರ ಮಾತನ್ನು ಎಲ್ಲಿಯವರೆಗೆ ಕೇಳಬೇಕು ಅನ್ನೋ ಪ್ರಶ್ನೆ ಎದ್ದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಅವನೇ.

ಓದದವರಿಗಾಗಿ ಕಥೆ ಹೇಳಿಬಿಡುತ್ತೇನೆ. ಅರಸ ಯಾರೊಬ್ಬಾಮ ತಾನೇ ಕಟ್ಟಿಸಿದ ಯಜ್ಞವೇದಿಯ ಹತ್ತಿರ ಧೂಪ ಹಾಕಲು ನಿಂತಿದ್ದಾನೆ. ಈ ಮನುಷ್ಯ ಬಂದು ವೇದಿಗೆ ವಿರೋಧವಾಗಿ ಕೂಗುತ್ತಾನೆ. ಹಿಡೀರಿ ಅವನನ್ನ ಅಂತ ಅರಸ ಕೈ ಚಾಚಿದರೆ, ಚಾಚಿದ ಕೈ ಹಾಗೇ ಒಣಗಿ ನಿಲ್ಲುತ್ತದೆ, ವೇದಿ ಸೀಳಿ ಬೂದಿ ಚೆಲ್ಲುತ್ತದೆ. ಅರಸ ಬೇಡಿಕೊಂಡಾಗ ಇವನು ಪ್ರಾರ್ಥನೆ ಮಾಡುತ್ತಾನೆ, ಕೈ ಮತ್ತೆ ಸರಿಯಾಗುತ್ತದೆ. ಮನೆಗೆ ಬಾ, ಊಟ ಮಾಡು, ಬಹುಮಾನ ಕೊಡ್ತೀನಿ ಅನ್ನುತ್ತಾನೆ ಅರಸ. ಇವನ ಉತ್ತರ ಖಡಾಖಂಡಿತ. ನಿನ್ನ ಮನೆಯ ಅರ್ಧ ಕೊಟ್ಟರೂ ಬರಲ್ಲ, ಇಲ್ಲಿ ಊಟ ಮಾಡಬೇಡ, ನೀರು ಕುಡಿಯಬೇಡ, ಬಂದ ದಾರಿಯಲ್ಲೇ ವಾಪಸ್ ಹೋಗಬೇಡ ಅಂತ ದೇವರು ನನಗೆ ಹೇಳಿದ್ದಾರೆ. ಹೇಳಿ, ಬೇರೆ ದಾರಿ ಹಿಡಿದು ಹೊರಟೇಬಿಡುತ್ತಾನೆ.

ಅದೇ ಬೇತೇಲಿನಲ್ಲಿ ಒಬ್ಬ ಮುದಿ ಪ್ರವಾದಿ ಇದ್ದಾನೆ. ನಡೆದದ್ದನ್ನೆಲ್ಲ ಮಕ್ಕಳ ಬಾಯಲ್ಲಿ ಕೇಳಿ, ಕತ್ತೆಗೆ ತಡಿ ಹಾಕಿಸಿ, ಹುಡುಕಿಕೊಂಡು ಹೋಗುತ್ತಾನೆ. ದೇವರ ಮನುಷ್ಯ ಒಂದು ಮರದ ಕೆಳಗೆ ಕೂತಿರುತ್ತಾನೆ. ಯೆಹೂದದಿಂದ ಬಂದವನು ನೀನೇನಾ ಅಂತ ಕೇಳಿ, ನನ್ನ ಜೊತೆ ಮನೆಗೆ ಬಾ, ಊಟ ಮಾಡು ಅನ್ನುತ್ತಾನೆ. ಇವನು ಅರಸನಿಗೆ ಹೇಳಿದ್ದನ್ನೇ ಹೇಳುತ್ತಾನೆ. ಆಗ ಮುದುಕ ಬಾಯಿ ಬಿಡುತ್ತಾನೆ: ನಾನೂ ನಿನ್ನ ಹಾಗೇ ಪ್ರವಾದಿ, ನಿನ್ನನ್ನು ಕರೆದುಕೊಂಡು ಹೋಗಿ ಊಟಕ್ಕೆ ಹಾಕು ಅಂತ ದೇವದೂತ ನನಗೆ ಕರ್ತನ ಮಾತಾಗಿ ಹೇಳಿದ. ಸತ್ಯವೇದ ಅದರ ಪಕ್ಕದಲ್ಲೇ ಚಿಕ್ಕದಾಗಿ ಬರೆದಿಟ್ಟಿದೆ, ಅವನು ಸುಳ್ಳು ಹೇಳಿದನು ಅಂತ. ಇವನು ನಂಬಿ ಹೋದ. ಊಟಕ್ಕೆ ಕೂತ. ವಾಪಸ್ ಹೋಗುವ ದಾರಿಯಲ್ಲಿ ಸಿಂಹ ಸಿಕ್ಕಿ ಅವನನ್ನು ಕೊಂದಿತು.

ಈ ಕಥೆ ನ್ಯಾಯವಾಗಿದೆ ಅಂತ ನನಗೆ ಸುಲಭವಾಗಿ ಅನ್ನಿಸುವುದಿಲ್ಲ. ಸುಳ್ಳು ಹೇಳಿದವನು ಬದುಕಿ ಉಳಿಯುತ್ತಾನೆ, ನಂಬಿದವನು ದಾರಿಯಲ್ಲಿ ಸಾಯುತ್ತಾನೆ. ಆದರೂ ಒಂದು ವಿಷಯ ಕಣ್ಣಿಗೆ ಹೊಡೆದಹಾಗೆ ಇದೆ. ಅರಸನ ಅಧಿಕಾರ ಅವನನ್ನು ಅಲ್ಲಾಡಿಸಲಿಲ್ಲ, ಹಣ ಅಲ್ಲಾಡಿಸಲಿಲ್ಲ. ಅವನು ಬಿದ್ದದ್ದು ತನಗಿಂತ ಹಿರಿಯನಾದ ಒಬ್ಬ ಪ್ರವಾದಿ "ದೇವರು ನನಗೆ ಹೇಳಿದ್ದಾರೆ" ಅಂದಾಗ. ಹೊರಗಿನವರು ಬಂದು ದೇವರ ಮಾತು ಬಿಡು ಅಂದರೆ ನಾವು ಹುಷಾರಾಗಿರುತ್ತೇವೆ. ಒಳಗಿನವರು ದೇವರ ಹೆಸರಲ್ಲೇ ಹೇಳಿದಾಗ ಹುಷಾರಾಗಿರುವುದು ಹೇಗೆ? ಹಾಗೆ ಹುಷಾರಾಗುವುದೇ ಅವಿಧೇಯತೆ ಅಂತ ಕಲಿಸಿದ್ದರಂತೂ ಮುಗಿದೇ ಹೋಯಿತು.

ನನಗೆ ಪರಿಚಯದ ಒಬ್ಬ ಹುಡುಗಿ ಇದ್ದಾಳೆ, ನರ್ಸ್. ಬೇರೆ ಊರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿತ್ತು. ಅವಳು ಹೋಗುವ ಸಭೆಯ ಪಾಸ್ಟರ್ ಹತ್ತಿರ ಪ್ರಾರ್ಥನೆ ಮಾಡಿ ಅಂತ ಕೇಳಿಕೊಂಡಿದ್ದಳು. ಒಂದು ವಾರ ಬಿಟ್ಟು ಅವರು ಕರೆದು ಹೇಳಿದರಂತೆ: "ನನಗೆ ಇದರಲ್ಲಿ ಸಮಾಧಾನ ಸಿಗ್ತಿಲ್ಲಮ್ಮ. ಇಲ್ಲಿಂದ ಹೋದರೆ ಆತ್ಮಿಕ ಹೊದಿಕೆ ತಪ್ಪಿಹೋಗುತ್ತೆ." ಹೊದಿಕೆ ಅಂದರೆ ಸಭೆಯ ನಾಯಕರಿಗೆ ಅಧೀನರಾಗಿದ್ದರೆ ಸಿಗುತ್ತದೆ ಅನ್ನುವ ಕಾವಲು. ಅವಳು ನನ್ನ ಹತ್ತಿರ ಬಂದಾಗ ಕೈಯಲ್ಲಿ ಫೋನಿತ್ತು, ಫೋನಿನಲ್ಲಿ ಆ ಕೆಲಸದ ಪತ್ರ ತೆರೆದಿತ್ತು, ಮಾರನೇ ದಿನದೊಳಗೆ ಉತ್ತರ ಕೊಡಬೇಕಿತ್ತು. "ಅಕ್ಕಾ, ದೇವರು ಬೇಡ ಅಂದರೆ ನಾನು ಹೋಗಲ್ಲ. ನಿಜವಾಗ್ಲೂ ಹೋಗಲ್ಲ. ಆದರೆ ಬೇಡ ಅಂದಿದ್ದು ದೇವರಾ?" ಅಂದಳು. ನೀನು ಪ್ರಾರ್ಥನೆ ಮಾಡಿದಾಗ ನಿನಗೇನನ್ನಿಸಿತು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಅವರು ಹೇಳಿದ ಮೇಲೆ ನಾನು ಅದರ ಬಗ್ಗೆ ಪ್ರಾರ್ಥನೆ ಮಾಡೋದೇ ಬಿಟ್ಟೆ."

ಕೊನೆಗೆ ಅವಳು ಹೋಗಲಿಲ್ಲ. ಹೋಗಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಪಾಸ್ಟರ್ ಹೇಳಿದ್ದೇ ಸರಿ ಇದ್ದರೂ ಇರಬಹುದು, ಅವರೇನೂ ಕೆಟ್ಟ ಮನುಷ್ಯರಲ್ಲ. ನನ್ನ ಹೊಟ್ಟೆ ಉರಿಸಿದ್ದು ಅವಳ ಆ ಕೊನೆಯ ಮಾತು. ದೇವರ ಮಾತು ಕೇಳು ಅಂತ ಕಲಿಸಬೇಕಾದ ಅಧಿಕಾರ, ದೇವರ ಹತ್ತಿರ ಕೇಳುವ ಅಗತ್ಯವೇ ಇಲ್ಲದ ಹಾಗೆ ಮಾಡಿಬಿಟ್ಟಿತ್ತು.

ಹಾಗಂತ ಸಭೆಯಲ್ಲಿ ಅಧಿಕಾರವೇ ಬೇಡ, ನನಗೂ ದೇವರಿಗೂ ನಡುವೆ ಯಾರೂ ಬೇಡ ಅನ್ನೋದು ನನ್ನ ವಾದ ಅಲ್ಲ. ಹೊಸ ಒಡಂಬಡಿಕೆ ಓದಿದವರು ಹಾಗೆ ಹೇಳಲಾಗದು. ನಿಮ್ಮ ಸಭಾನಾಯಕರ ಮಾತು ಕೇಳಿ, ಅವರಿಗೆ ಅಧೀನರಾಗಿರಿ ಅಂತ ಇಬ್ರಿಯರಿಗೆ ಬರೆದ ಪತ್ರಿಕೆಯ 13ನೇ ಅಧ್ಯಾಯ 17ನೇ ವಚನ ನೇರವಾಗಿಯೇ ಹೇಳುತ್ತದೆ. ನಮ್ಮ ನಡುವೆ ದುಡಿಯುವವರನ್ನು, ನಮಗೆ ಬುದ್ಧಿ ಹೇಳುವವರನ್ನು ಗೌರವಿಸಿ ಅಂತ ಪೌಲ ಥೆಸಲೋನಿಕದವರಿಗೆ ಬರೆಯುತ್ತಾನೆ. ನನ್ನ ಬದುಕಿನಲ್ಲೂ ಹಿರಿಯರು ಅಡ್ಡ ನಿಂತು ಬೇಡ ಅಂದದ್ದು ಎಷ್ಟೋ ಸಲ ನನ್ನನ್ನು ಉಳಿಸಿದೆ. ಒಬ್ಬರೇ ಕೂತು ಸತ್ಯವೇದ ಓದಿ ನಮಗೆ ಬೇಕಾದ ಅರ್ಥ ತೆಗೆದುಕೊಳ್ಳುವುದು ಬಹಳ ಸುಲಭ. ನಿಲ್ಲು, ತಪ್ಪು ಮಾಡ್ತಿದೀಯ ಅಂತ ಮುಖ ನೋಡಿ ಹೇಳುವವರು ಯಾರಾದರೂ ಇರಲೇಬೇಕು.

ಆದರೆ ಇಬ್ರಿಯ 13:17ನ್ನು ಅರ್ಧಕ್ಕೆ ನಿಲ್ಲಿಸುವ ಅಭ್ಯಾಸ ಇದೆಯಲ್ಲ, ಅದು ತಪ್ಪು. ವಚನದ ಉಳಿದ ಭಾಗ ನಾಯಕರ ಬಗ್ಗೆ ಇದೆ. ಅವರು ಲೆಕ್ಕ ಕೊಡಬೇಕಾದವರಾಗಿ ನಿಮ್ಮ ಆತ್ಮಗಳನ್ನು ಕಾಯುತ್ತಾರೆ ಅಂತ. ಲೆಕ್ಕ ಕೊಡಬೇಕಾದವರು! ಅಂದರೆ ಯಜಮಾನ ಬೇರೆ ಇದ್ದಾನೆ. ಅದೇ ಅಧ್ಯಾಯದ 7ನೇ ವಚನ ಇನ್ನೂ ಸ್ಪಷ್ಟ. ನಿಮಗೆ ದೇವರ ವಾಕ್ಯ ತಿಳಿಸಿದ ನಾಯಕರನ್ನು ನೆನಪಿಟ್ಟುಕೊಳ್ಳಿ, ಅವರು ಹೇಗೆ ಬಾಳಿದರು, ಕೊನೆಗೆ ಏನಾಯಿತು ಅಂತ ನೋಡಿ, ಅವರ ನಂಬಿಕೆಯನ್ನು ಅನುಸರಿಸಿ. ನೋಡಿ ಅಂತ ಹೇಳಿದೆ. ಕಣ್ಣು ಮುಚ್ಚಿಕೊಳ್ಳಿ ಅಂತ ಎಲ್ಲೂ ಇಲ್ಲ.

ಇನ್ನೊಂದು ವಚನ ಇದಕ್ಕಿಂತ ಜಾಸ್ತಿ ಹಿಂಸೆಗೆ ಒಳಗಾಗಿದೆ. "ನಾನು ಅಭಿಷೇಕಿಸಿದವರನ್ನು ಮುಟ್ಟಬೇಡಿರಿ." ಪಾಸ್ಟರನ್ನು ಯಾರಾದರೂ ಪ್ರಶ್ನೆ ಮಾಡಿದ ತಕ್ಷಣ ಇದು ಹೊರಗೆ ಬರುತ್ತದೆ. 105ನೇ ಕೀರ್ತನೆ ತೆಗೆದು ಓದಿ. ಅಲ್ಲಿ ಅಭಿಷಿಕ್ತರು ಅಂದರೆ ಯಾರು? ಅಬ್ರಹಾಮ, ಇಸಾಕ, ಯಾಕೋಬ. ಲೆಕ್ಕಕ್ಕೆ ಸಿಗುವಷ್ಟೇ ಜನ, ಸ್ವಂತ ನೆಲ ಇಲ್ಲದೆ ದೇಶದಿಂದ ದೇಶಕ್ಕೆ ಅಲೆಯುತ್ತಿದ್ದ ಪರದೇಶಿಗಳು. ಮುಟ್ಟಬೇಡಿ ಅಂತ ದೇವರು ಗದರಿಸಿದ್ದು ಅರಸರನ್ನು. ಬಲ ಇಲ್ಲದವರನ್ನು ಬಲ ಇದ್ದವರ ಕೈಯಿಂದ ಕಾಯಲು ಹೇಳಿದ ಮಾತನ್ನು, ಬಲ ಇದ್ದವರು ತಮ್ಮ ರಕ್ಷಣೆಗೆ ಬಳಸುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ದಾವೀದನ ಉದಾಹರಣೆ ಕೊಡುತ್ತಾರೆ, ಗೊತ್ತು. ಒಂದನೇ ಸಮುವೇಲ 24ನೇ ಅಧ್ಯಾಯದಲ್ಲಿ, ತನ್ನನ್ನು ಕೊಲ್ಲಲು ಹುಡುಕುತ್ತಿದ್ದ ಅಭಿಷಿಕ್ತ ಅರಸ ಸೌಲ ಏಂಗೆದಿಯ ಗವಿಯಲ್ಲಿ ಕೈಗೆ ಸಿಕ್ಕಿದ್ದರೂ ದಾವೀದ ಕೊಲ್ಲಲಿಲ್ಲ, ನಿಲುವಂಗಿಯ ಅಂಚು ಕತ್ತರಿಸಿದ್ದಕ್ಕೇ ಅವನ ಮನಸ್ಸು ಚುಚ್ಚಿತು. ನಿಜ. ಆದರೆ ಮುಂದೇನು ಮಾಡಿದ? ಗವಿಯಿಂದ ಹೊರಗೆ ಬಂದು, ಎಲ್ಲರಿಗೂ ಕೇಳುವ ಹಾಗೆ ಸೌಲನನ್ನು ಕೂಗಿ, ಕತ್ತರಿಸಿದ ಬಟ್ಟೆ ತೋರಿಸಿ, ನನ್ನಲ್ಲಿ ಏನು ತಪ್ಪಿದೆ, ಯಾಕೆ ನನ್ನ ಜೀವ ತೆಗೆಯಲು ಓಡಾಡ್ತೀಯ, ನಮ್ಮಿಬ್ಬರ ನಡುವೆ ದೇವರೇ ನ್ಯಾಯ ತೀರಿಸಲಿ ಅಂದ. ಸೌಲ ಅತ್ತ. ದಾವೀದ ಮಾತ್ರ ಅವನ ಜೊತೆ ಅರಮನೆಗೆ ವಾಪಸ್ ಹೋಗಲಿಲ್ಲ, ಮತ್ತೆ ದುರ್ಗಕ್ಕೇ ಹೋದ. ಕೈ ಎತ್ತದೇ ಇರುವುದು ಬೇರೆ, ಬಾಯಿ ಮುಚ್ಚಿಕೊಂಡು ಈಟಿ ಎಸೆಯುವವನ ಮುಂದೆ ಕೂರುವುದು ಬೇರೆ. ದಾವೀದ ಮೊದಲನೆಯದನ್ನು ಮಾತ್ರ ಮಾಡಿದ. ಇದಕ್ಕೆ ಎರಡು ಅಧ್ಯಾಯ ಮೊದಲು ನೋಬ್ ಎಂಬ ಊರಿನ ಯಾಜಕರನ್ನು ಕೊಲ್ಲಿ ಅಂತ ಅದೇ ಸೌಲ ತನ್ನ ಕಾವಲುಗಾರರಿಗೆ ಅಪ್ಪಣೆ ಕೊಡುತ್ತಾನೆ. ಅವರು ಕೈ ಎತ್ತಲಿಲ್ಲ. ಅಭಿಷಿಕ್ತ ಅರಸನ ನೇರ ಅಪ್ಪಣೆ, ಆದರೂ ಒಬ್ಬನೂ ಮುಂದೆ ಬರಲಿಲ್ಲ. ಕೊನೆಗೆ ಎದೋಮ್ಯನಾದ ದೋಯೇಗ 85 ಜನರನ್ನು ಕೊಂದ. ಆ ಅಧ್ಯಾಯ ಓದಿ, ಯಾರು ವಿಧೇಯರು ಅಂತ ನೀವೇ ಹೇಳಿ.

ಸೌಲನ ವಿಷಯ ಬಂದಿದ್ದರಿಂದ ಅದೇ ಪುಸ್ತಕದ 15ನೇ ಅಧ್ಯಾಯಕ್ಕೂ ಬರುತ್ತೇನೆ. ಯಜ್ಞಕ್ಕಿಂತ ಮಾತು ಕೇಳುವುದೇ ಮೇಲು ಅನ್ನುವ ಪ್ರಸಿದ್ಧ ವಚನ ಅಲ್ಲಿದೆ. ಅಮಾಲೇಕ್ಯರನ್ನು ಕುರಿದನಗಳ ಸಮೇತ ಪೂರ್ತಿ ನಾಶ ಮಾಡು ಅಂತ ಸೌಲನಿಗೆ ಬಂದ ಆ ಅಪ್ಪಣೆ ಸತ್ಯವೇದದಲ್ಲೇ ಓದಲು ಅತಿ ಕಷ್ಟವಾದ ಭಾಗಗಳಲ್ಲಿ ಒಂದು, ಅದನ್ನು ಎರಡು ಸಾಲಿನಲ್ಲಿ ಬಿಡಿಸಿಬಿಡುವ ಧೈರ್ಯ ಯಾರೂ ಮಾಡಬಾರದು ಅಂತ ನನ್ನ ಅಭಿಪ್ರಾಯ. ನಾನು ನೋಡುವುದು ಸೌಲನ ಮುಖವನ್ನು. ಒಳ್ಳೊಳ್ಳೆ ಕುರಿ ದನಗಳನ್ನು ಉಳಿಸಿಕೊಂಡು, ಪ್ರವಾದಿ ಸಮುವೇಲ ಬಂದಾಗ ಮುಂದೆ ಬಂದು ಸ್ವಾಗತಿಸಿ, ಕರ್ತನ ಅಪ್ಪಣೆಯನ್ನು ನೆರವೇರಿಸಿದ್ದೇನೆ ಅನ್ನುತ್ತಾನೆ. ಹಾಗಾದರೆ ನನ್ನ ಕಿವಿಗೆ ಬೀಳ್ತಿರೋ ಈ ಕುರಿಗಳ ಕೂಗು ಏನು ಅಂತ ಸಮುವೇಲ ಕೇಳುತ್ತಾನೆ. ನಿನ್ನ ದೇವರಿಗೆ ಯಜ್ಞ ಕೊಡೋಕೆ ಅಂತ ಜನ ಉಳಿಸಿಕೊಂಡರು ಅನ್ನೋದು ಸೌಲನ ಉತ್ತರ. ಆಮೇಲೆ ಒತ್ತಿ ಕೇಳಿದಾಗ, ಜನರಿಗೆ ಹೆದರಿದೆ ಅಂತ ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಂಡ ಮೇಲೂ ಅವನಿಗೆ ಬೇಕಾಗಿದ್ದು ಒಂದೇ: ಹಿರಿಯರ ಮುಂದೆ ನನ್ನ ಮರ್ಯಾದೆ ಉಳಿಸು.

"ಅವಿಧೇಯತೆ ಮಾಟಮಂತ್ರದಷ್ಟೇ ಪಾಪ" ಅನ್ನೋ ಮಾತು ಬರುವುದೂ ಇಲ್ಲೇ. ಸಭೆಯ ಹಣದ ಲೆಕ್ಕ ಕೇಳಿದ ಯುವಕನಿಗೆ, ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟ ಹೆಂಗಸಿಗೆ ಈ ವಚನ ಹೇಳಿದ್ದನ್ನು ನಾನು ಕೇಳಿದ್ದೇನೆ. ಸಮುವೇಲ ಇದನ್ನು ಸಭಿಕರಿಗೆ ಹೇಳಲಿಲ್ಲ ಸ್ವಾಮಿ! ಅಧಿಕಾರದಲ್ಲಿ ಕೂತವನಿಗೆ ಹೇಳಿದ. ಇಡೀ ಅಧ್ಯಾಯದಲ್ಲಿ ಅವಿಧೇಯನಾದವನು ಅರಸ.

ಯೇಸುವಿನ ಹತ್ತಿರ ಬಂದರೆ ಅಧಿಕಾರ ಅನ್ನೋದು ಬೇರೆಯೇ ಥರ ಕಾಣಿಸುತ್ತದೆ. ಕಪೆರ್ನೌಮಿನ ಶತಾಧಿಪತಿ, ಅಂದರೆ ನೂರು ಸಿಪಾಯಿಗಳ ಮೇಲಿನ ಅಧಿಕಾರಿ, ತನ್ನ ಆಳನ್ನು ಗುಣಪಡಿಸು ಅಂತ ಬೇಡುವಾಗ ಹೇಳಿದ್ದನ್ನು ನೋಡಿ. ನಾನು ಮತ್ತೊಬ್ಬರ ಕೈಕೆಳಗೆ ಇರುವವನು, ನನ್ನ ಕೈಕೆಳಗೂ ಸಿಪಾಯಿಗಳಿದ್ದಾರೆ, ಹೋಗು ಅಂದರೆ ಹೋಗ್ತಾನೆ, ಬಾ ಅಂದರೆ ಬರ್ತಾನೆ, ನೀನು ಒಂದು ಮಾತು ಹೇಳು ಸಾಕು. ಯೇಸು ಆಶ್ಚರ್ಯಪಟ್ಟರು ಅಂತ ಮತ್ತಾಯ ಬರೆಯುತ್ತಾನೆ, ಅವರು ಆಶ್ಚರ್ಯಪಟ್ಟಿದ್ದು ಸುವಾರ್ತೆಗಳಲ್ಲಿ ಬಹಳ ಅಪರೂಪ. ಆ ಸೈನಿಕ ಹಿಡಿದ ಎಳೆ ಏನು? ಮೇಲಿನವರಿಗೆ ಅಧೀನನಾಗಿದ್ದಾನೆ, ಅದಕ್ಕೇ ಅವನ ಮಾತಿಗೆ ತೂಕ ಇದೆ. ಅವನ ಬಾಯಲ್ಲಿ ಮಾತಾಡುವುದು ರೋಮಿನ ಅಧಿಕಾರ. ಯೇಸುವಿನ ಅಧಿಕಾರವೂ ತಂದೆಗೆ ಅಧೀನವಾದ ಅಧಿಕಾರ ಅಂತ ಅವನು ಕಂಡುಕೊಂಡ. ಯೋಹಾನನ ಸುವಾರ್ತೆಯಲ್ಲಿ ಯೇಸು ಪದೇ ಪದೇ ಹೇಳುವುದೂ ಇದನ್ನೇ, ನನ್ನಷ್ಟಕ್ಕೆ ನಾನೇ ಏನೂ ಮಾಡಲಾರೆ ಅಂತ. ಹಾಗಾದರೆ ಯಾರಿಗೂ ಅಧೀನನಲ್ಲದ ಒಬ್ಬ ಸಭಾಪಾಲಕ, ಹಿರಿಯರ ಮಂಡಳಿ ಇಲ್ಲ, ಲೆಕ್ಕ ನೋಡುವವರಿಲ್ಲ, ತಪ್ಪಾಯ್ತು ಅಂದರೆ ಎಲ್ಲಿ ಹೇಳಬೇಕು ಅಂತ ಯಾರಿಗೂ ಗೊತ್ತಿಲ್ಲ, ಅಂಥವರು ನನಗೆ ಅಧೀನರಾಗಿರಿ ಅಂದರೆ ಆ ಮಾತಿಗೆ ಯಾವ ತೂಕ ಉಳಿಯುತ್ತದೆ?

ಯೇಸು ಹಿಡಿದುಕೊಡಲ್ಪಟ್ಟ ರಾತ್ರಿ ಪ್ರಾರ್ಥನೆ ಮಾಡಿದ ಗೆತ್ಸೇಮನೆಯ ಬಗ್ಗೆ ನಾನು ಎಷ್ಟು ಯೋಚಿಸಿದರೂ ಸಾಲುವುದಿಲ್ಲ. ಅಲ್ಲಿ ಯೇಸು ಮೊದಲ ಸಲವೇ "ಸರಿ ತಂದೆಯೇ" ಅನ್ನಲಿಲ್ಲ. ಈ ಪಾತ್ರೆ ನನ್ನನ್ನು ಬಿಟ್ಟು ಹೋಗಲಿ ಅಂತ ಬೇಡಿಕೊಂಡರು. ನೆಲಕ್ಕೆ ಬಿದ್ದು ಬೇಡಿಕೊಂಡರು. ಎದ್ದು ಹೋಗಿ, ನಿದ್ದೆ ಮಾಡುತ್ತಿದ್ದ ಶಿಷ್ಯರನ್ನು ನೋಡಿ, ಮತ್ತೆ ಬಂದು ಬೇಡಿಕೊಂಡರು. ಮೂರು ಸಲ. ನನಗೇನು ಬೇಕು ಅನ್ನೋದನ್ನು ಮುಚ್ಚಿಡದೆ ಹೇಳಿ, ಆಮೇಲೆ ನಿನ್ನ ಚಿತ್ತದಂತೆ ಆಗಲಿ ಅಂದರು. ಇಬ್ರಿಯ 5ನೇ ಅಧ್ಯಾಯ ಇದಕ್ಕೆ ಇನ್ನೊಂದು ಮಾತು ಸೇರಿಸುತ್ತದೆ, ಅವರು ಮಗನಾಗಿದ್ದರೂ ತಾವು ಅನುಭವಿಸಿದ ಕಷ್ಟಗಳಿಂದ ವಿಧೇಯತೆಯನ್ನು ಕಲಿತರು ಅಂತ. ದೇವರ ಮಗನೇ ಕಲಿತದ್ದು, ಕೂಗಾಡಿ ಕಣ್ಣೀರು ಹಾಕಿ ಕಲಿತದ್ದು. ಹಾಗಿರುವಾಗ ನಮ್ಮ ಸಭೆಗಳಲ್ಲಿ ಒಬ್ಬ ವಿಶ್ವಾಸಿ "ನನಗಿದು ಒಪ್ಪಿಗೆ ಆಗ್ತಿಲ್ಲ, ನನಗೆ ಭಯ ಆಗ್ತಿದೆ" ಅಂದ ಕೂಡಲೇ ಅವನಲ್ಲಿ ತಿರುಗಿಬೀಳುವ ಆತ್ಮ ಇದೆ ಅನ್ನುತ್ತೇವಲ್ಲ, ಆ ಅಳತೆ ಎಲ್ಲಿಂದ ಬಂತು?

ಜೆಬೆದಾಯನ ಮಕ್ಕಳಾದ ಇಬ್ಬರು ಶಿಷ್ಯರಿಗೆ ಯೇಸುವಿನ ಬಲಗಡೆ ಎಡಗಡೆ ಕುರ್ಚಿ ಬೇಕು ಅಂತ ಅವರ ತಾಯಿ ಕೇಳಿದ್ದು, ಉಳಿದ ಹತ್ತು ಜನ ಸಿಟ್ಟಾಗಿದ್ದು ಎಲ್ಲರಿಗೂ ಗೊತ್ತು. ಲೋಕದ ಅರಸರು ದೊರೆತನ ಮಾಡುತ್ತಾರೆ, ನಿಮ್ಮಲ್ಲಿ ಹಾಗಿರಬಾರದು ಅಂತ ಯೇಸು ಅಂದದ್ದೂ ಗೊತ್ತು. ಗೊತ್ತಿದ್ದೂ ಸಭೆಯ ಚರಿತ್ರೆಯಲ್ಲಿ ಮತ್ತೆ ಮತ್ತೆ ಅದೇ ನಡೆಯಿತು. ಹಾಗೆಯೇ, ಇದನ್ನು ಅರ್ಥಮಾಡಿಕೊಂಡು ಅಧಿಕಾರಕ್ಕೆ ಬೇಲಿ ಹಾಕಿದವರೂ ಚರಿತ್ರೆಯ ಉದ್ದಕ್ಕೂ ಇದ್ದಾರೆ. ಅವರ ಬಗ್ಗೆ ನಾವು ಕಡಿಮೆ ಮಾತಾಡುತ್ತೇವೆ.

ಆರನೇ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟ್ ಸನ್ಯಾಸಿಗಳಿಗೆ ಬರೆದ ನಿಯಮಾವಳಿಯನ್ನೇ ತೆಗೆದುಕೊಳ್ಳಿ. ವಿಧೇಯತೆಯ ವಿಷಯದಲ್ಲಿ ಅಷ್ಟು ಬಿಗಿಯಾದ ಪುಸ್ತಕ ಇನ್ನೊಂದಿಲ್ಲ ಅನ್ನಬಹುದು. ಅದರ 3ನೇ ಅಧ್ಯಾಯ ಮಠದ ಹಿರಿಯನಿಗೆ ಹೇಳುವುದೇನು? ಮುಖ್ಯ ವಿಷಯ ಬಂದಾಗ ಎಲ್ಲರನ್ನೂ ಸೇರಿಸಿ ಅಭಿಪ್ರಾಯ ಕೇಳು, ಯಾಕೆಂದರೆ ಎಷ್ಟೋ ಸಲ ಉತ್ತಮವಾದದ್ದನ್ನು ದೇವರು ಚಿಕ್ಕವನಿಗೇ ತಿಳಿಸುತ್ತಾರೆ. 68ನೇ ಅಧ್ಯಾಯದಲ್ಲಿ, ಸನ್ಯಾಸಿಗೆ ಅಸಾಧ್ಯವಾದ ಕೆಲಸ ಹೇಳಿದರೆ ಅವನು ಸಮಯ ನೋಡಿ, ಸಮಾಧಾನವಾಗಿ, ಇದು ನನ್ನಿಂದ ಯಾಕೆ ಆಗಲ್ಲ ಅಂತ ವಿವರಿಸಬಹುದು ಅಂತಿದೆ. ಕೇಳಿದ ಮೇಲೂ ಹಿರಿಯ ಪಟ್ಟು ಬಿಡದಿದ್ದರೆ ದೇವರ ಸಹಾಯ ನಂಬಿ ಮಾಡಲಿ ಅಂತ ಆ ನಿಯಮ ಹೇಳುತ್ತದೆ, ಅದನ್ನೂ ಮರೆಮಾಚುವುದಿಲ್ಲ. ಆದರೆ ಮಾತಾಡಲು ಅವಕಾಶ ಅಲ್ಲಿ ನಿಯಮದಲ್ಲೇ ಬರೆದಿದೆ. ಕಥೋಲಿಕ ಸಭೆಯ 1983ರ ಕಾನೂನು ಸಂಹಿತೆಯ 630ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮಠದ ಸದಸ್ಯರು ತಾವಾಗಿ ಮನಸ್ಸು ಬಿಚ್ಚಿ ಮಾತಾಡಬಹುದು, ಆದರೆ ನಿನ್ನ ಅಂತರಂಗ ಹೇಳು ಅಂತ ಮೇಲಿನವರು ಯಾವ ರೀತಿಯಲ್ಲೂ ಒತ್ತಾಯ ಮಾಡಬಾರದು ಅಂತ ಅದು ನಿಷೇಧಿಸುತ್ತದೆ. ನಿನ್ನ ಮೇಲೆ ಅಧಿಕಾರ ಇರುವವರಿಗೆ ನಿನ್ನ ಮನಸ್ಸಿನ ಕೀಲಿಕೈಯೂ ಸಿಕ್ಕರೆ ಏನಾಗುತ್ತದೆ ಅಂತ ಅನುಭವದಿಂದ ಗೊತ್ತಿದ್ದವರು ಬರೆದ ಸಾಲು ಅದು.

ಬೇಲಿ ಇಲ್ಲದಾಗ ಏನಾಗುತ್ತದೆ ಅನ್ನೋದಕ್ಕೆ 1970ರ ದಶಕದ ಅಮೆರಿಕದ ಕುರುಬತನ ಚಳವಳಿಯನ್ನು ನೋಡಬೇಕು. ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ಐದು ಜನ ಬೋಧಕರು ಸೇರಿ ಶುರು ಮಾಡಿದ್ದು. ಅವರ ಕಾಳಜಿ ನಿಜವಾದದ್ದೇ ಆಗಿತ್ತು, ವಿಶ್ವಾಸಿಗಳು ದಿಕ್ಕಿಲ್ಲದೆ ಸಭೆಯಿಂದ ಸಭೆಗೆ ಅಲೆಯುತ್ತಿದ್ದಾರೆ, ಶಿಷ್ಯತ್ವ ಇಲ್ಲ ಅಂತ. ಹಾಗಾಗಿ ಪ್ರತಿಯೊಬ್ಬರಿಗೂ ಒಬ್ಬ ಆತ್ಮಿಕ ಕುರುಬ, ಅವನಿಗೆ ಅಧೀನತೆ. ನಿಧಾನವಾಗಿ ಕೆಲಸ, ಮನೆ, ಮದುವೆ ಎಲ್ಲದಕ್ಕೂ ಆ ಕುರುಬನ ಒಪ್ಪಿಗೆ ಬೇಕು ಅನ್ನುವ ಮಟ್ಟಕ್ಕೆ ಹೋಯಿತು. ಎಷ್ಟೋ ಜನ ನೊಂದರು. ಆ ಐವರಲ್ಲಿ ಒಬ್ಬರಾದ ಬಾಬ್ ಮಮ್‌ಫೋರ್ಡ್ ವರ್ಷಗಳಾದ ಮೇಲೆ ಬಹಿರಂಗವಾಗಿ ಕ್ಷಮೆ ಕೇಳಿದರು. ಅಂಥ ನಾಯಕರು ಸಿಗುವುದು ಕಷ್ಟ, ಆ ಕ್ಷಮೆಯನ್ನು ನಾನು ಗೌರವಿಸುತ್ತೇನೆ. ಚಳವಳಿ ಮುಗಿಯಿತು, ಹೊದಿಕೆ ಅನ್ನುವ ಬೋಧನೆ ಮಾತ್ರ ಇನ್ನೂ ಓಡಾಡಿಕೊಂಡಿದೆ.

ಜರ್ಮನಿಯಲ್ಲಿ ಹಿಟ್ಲರನ ಸರ್ಕಾರಕ್ಕೆ ಸಭೆಯ ಒಂದು ದೊಡ್ಡ ಭಾಗ ತಲೆಬಾಗಿದಾಗ, 1934ರ ಮೇ ತಿಂಗಳಲ್ಲಿ ಬಾರ್ಮೆನ್ ಎಂಬಲ್ಲಿ ಸೇರಿದವರು ಒಂದು ಘೋಷಣೆ ಹೊರಡಿಸಿದರು. ಬದುಕಿನಲ್ಲೂ ಸಾವಿನಲ್ಲೂ ನಾವು ಕೇಳಬೇಕಾದ, ನಂಬಬೇಕಾದ, ವಿಧೇಯರಾಗಬೇಕಾದ ದೇವರ ಒಂದೇ ವಾಕ್ಯ ಯೇಸು ಕ್ರಿಸ್ತ ಅಂತ ಅದರ ಮೊದಲನೇ ಹೇಳಿಕೆ ಸಾರುತ್ತದೆ. ನಾಲ್ಕನೆಯದು ಸಭೆಯ ಒಳಗಿನ ಮಾತು. ಸಭೆಯಲ್ಲಿರುವ ಬೇರೆ ಬೇರೆ ಹುದ್ದೆಗಳು ಕೆಲವರು ಉಳಿದವರ ಮೇಲೆ ದೊರೆತನ ಮಾಡಲಿಕ್ಕೆ ಇರುವುದಲ್ಲ, ಇಡೀ ಸಭೆಗೆ ಒಪ್ಪಿಸಿದ ಸೇವೆಯನ್ನು ನಡೆಸಲಿಕ್ಕೆ ಇರುವುದು. ಹೊರಗಿನ ಸರ್ವಾಧಿಕಾರಿಯನ್ನು ಎದುರಿಸುವಾಗ ಒಳಗಿನ ದೊರೆತನವನ್ನೂ ಹೆಸರು ಹಿಡಿದು ತಳ್ಳಿಹಾಕಿದರಲ್ಲ, ಅದು ನನಗೆ ದೊಡ್ಡ ವಿಷಯ ಅನ್ನಿಸುತ್ತದೆ.

ಇಷ್ಟೆಲ್ಲ ಬರೆದ ಮೇಲೆ ಒಂದು ಪ್ರಶ್ನೆ ನನ್ನ ಕಡೆಗೇ ತಿರುಗುತ್ತದೆ, ಅದನ್ನು ಬಿಟ್ಟುಹೋದರೆ ಅನ್ಯಾಯ. ಕೋರಹನೂ ಹೀಗೇ ಮಾತಾಡಿದ್ದ. ಸಭೆಯವರೆಲ್ಲರೂ ಪರಿಶುದ್ಧರೇ, ದೇವರು ಎಲ್ಲರ ನಡುವೆಯೂ ಇದ್ದಾರೆ, ನೀವಿಬ್ಬರು ಯಾಕೆ ಮೇಲೇರಿ ಕೂತಿದ್ದೀರಿ ಅಂತ ಮೋಶೆ ಆರೋನರನ್ನು ಕೇಳಿದ. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ನೆಲ ಬಾಯಿ ತೆರೆದು ನುಂಗಿದ ಬಂಡಾಯ ಅದು. ಹಾಗಾದರೆ ಪ್ರಶ್ನೆ ಕೇಳುವವನು ಕೋರಹನೋ, ದಾವೀದ ಅರಸನ ಪಾಪವನ್ನು ಮುಖಕ್ಕೇ ಹೇಳಿದ ಪ್ರವಾದಿ ನಾತಾನನೋ ಅಂತ ಹೇಗೆ ಗೊತ್ತಾಗುತ್ತದೆ? ಅರಣ್ಯಕಾಂಡ 16ನ್ನು ನಿಧಾನವಾಗಿ ಓದಿದರೆ ಎರಡು ಸಂಗತಿ ಸಿಗುತ್ತವೆ. ಕೋರಹನಿಗೆ ಬೇಕಾಗಿದ್ದು ಯಾಜಕತ್ವ, ಆ ಸ್ಥಾನ ತನಗೆ ಬರಬೇಕು ಅಂತ, ಮೋಶೆ ಅದನ್ನು ಮುಖಕ್ಕೇ ಹೇಳುತ್ತಾನೆ. ಇನ್ನೊಂದು ಮೋಶೆಯ ಪ್ರತಿಕ್ರಿಯೆ. ಸವಾಲು ಬಂದ ಕೂಡಲೇ ಅವನು ಬೋರಲು ಬಿದ್ದ. ಆಮೇಲೆ ದೇವರ ಮುಂದೆ ಹೇಳಿದ, ಇವರಿಂದ ನಾನು ಒಂದು ಕತ್ತೆಯನ್ನೂ ತೆಗೆದುಕೊಂಡಿಲ್ಲ, ಇವರಲ್ಲಿ ಒಬ್ಬನಿಗೂ ಕೇಡು ಮಾಡಿಲ್ಲ. ಸಮುವೇಲನೂ ಮುದುಕನಾದಾಗ ಜನರ ಮುಂದೆ ನಿಂತು ಇದೇ ಥರ ಕೇಳುತ್ತಾನೆ: ಯಾರ ಎತ್ತು ತೆಗೆದುಕೊಂಡಿದ್ದೇನೆ, ಯಾರಿಗೆ ಮೋಸ ಮಾಡಿದ್ದೇನೆ, ಯಾರಿಂದ ಲಂಚ ತಿಂದಿದ್ದೇನೆ, ಹೇಳಿ, ವಾಪಸ್ ಕೊಡ್ತೀನಿ. ಪ್ರಶ್ನೆ ಕೇಳುವವನು ಏನನ್ನು ಪಡೆಯಲು ನೋಡುತ್ತಿದ್ದಾನೆ, ಕುರ್ಚಿಯಲ್ಲಿ ಕೂತವನು ಇಲ್ಲಿಯವರೆಗೆ ಏನನ್ನು ತೆಗೆದುಕೊಂಡಿದ್ದಾನೆ, ಎರಡನ್ನೂ ನೋಡಬೇಕು. ನಾನು ಬಾಯಿ ತೆರೆಯುವ ಮೊದಲು ನನ್ನನ್ನು ಮೊದಲನೆಯ ಪ್ರಶ್ನೆ ಕೇಳಿಕೊಳ್ಳಬೇಕು. ಅದು ಸುಲಭ ಅಲ್ಲ. ಯಾಕೆಂದರೆ ಗಾಯಗೊಂಡವನಿಗೆ ನ್ಯಾಯವೂ ಬೇಕಾಗಿರುತ್ತದೆ, ಸ್ವಲ್ಪ ಸೇಡೂ ಬೇಕಾಗಿರುತ್ತದೆ, ಎರಡೂ ಒಂದೇ ದನಿಯಲ್ಲಿ ಮಾತಾಡುತ್ತವೆ.

ಅಂತಿಯೋಕ್ಯದಲ್ಲಿ ನಡೆದದ್ದು ನನಗೆ ಧೈರ್ಯ ಕೊಡುತ್ತದೆ. ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ ಜೊತೆ ಊಟ ಮಾಡುತ್ತಿದ್ದ ಪೇತ್ರ, ಯೆರೂಸಲೇಮಿನಿಂದ ಕೆಲವರು ಬಂದ ಮೇಲೆ ಹೆದರಿ ಹಿಂದೆ ಸರಿದ. ಪೌಲ ಎಲ್ಲರ ಮುಂದೆ ಅವನನ್ನು ಎದುರಿಸಿದ. ಪೇತ್ರ ಅಂದರೆ ಯಾರು, ಯೇಸುವಿನ ಜೊತೆ ನಡೆದವನು, ಮೊದಲ ಅಪೊಸ್ತಲ. ಅಂಥವನಿಗೇ ಮುಖಾಮುಖಿ ಹೇಳಬಹುದು ಅಂತಾದರೆ ಪ್ರಶ್ನೆಗೆ ಮೀರಿದವರು ಸಭೆಯಲ್ಲಿ ಯಾರೂ ಇಲ್ಲ. ಪೇತ್ರನ ಎರಡನೇ ಪತ್ರಿಕೆಯ ಕೊನೆಯಲ್ಲಿ "ನಮ್ಮ ಪ್ರಿಯ ಸಹೋದರನಾದ ಪೌಲ" ಅನ್ನುವ ಸಾಲು ಬರುತ್ತದೆ. ಆ ಸಾಲು ಓದಿದಾಗಲೆಲ್ಲ ಸಂತೋಷವಾಗುತ್ತದೆ.

ಮತ್ತೆ ಆ ನರ್ಸ್ ಹುಡುಗಿಗೆ ಹೇಳಿದ ಒಂದು ಘಟನೆ. ಪೌಲ ಯೆರೂಸಲೇಮಿಗೆ ಹೊರಟಾಗ ತೂರಿನ ಶಿಷ್ಯರು ಪವಿತ್ರಾತ್ಮಪ್ರೇರಣೆಯಿಂದ ಹೋಗಬೇಡ ಅಂದರು. ಮುಂದೆ ಕೈಸರೈಯದಲ್ಲಿ ಅಗಬ ಎಂಬ ಪ್ರವಾದಿ ಬಂದು, ಪೌಲನ ನಡುಕಟ್ಟು ತೆಗೆದು ತನ್ನದೇ ಕೈಕಾಲು ಕಟ್ಟಿಕೊಂಡು, ಇದರ ಯಜಮಾನನನ್ನು ಹೀಗೇ ಕಟ್ಟುತ್ತಾರೆ ಅಂದ. ಮುಂದೆ ಏನಾಗುತ್ತದೆ ಅಂತ ಹೇಳಿದ ಅಷ್ಟೇ, ಹೋಗಬೇಡ ಅನ್ನಲಿಲ್ಲ. ಜೊತೆಯಲ್ಲಿದ್ದವರೆಲ್ಲ ಅತ್ತು ಬೇಡಿಕೊಂಡರು. ಯಾಕೆ ಅತ್ತು ನನ್ನ ಎದೆ ಒಡೀತೀರಿ, ನಾನು ಸಾಯೋದಕ್ಕೂ ಸಿದ್ಧ ಅಂದ ಪೌಲ. ಆಗ ಅವರು ಕರ್ತನ ಚಿತ್ತದಂತೆ ಆಗಲಿ ಅಂದು ಸುಮ್ಮನಾದರು. ಹೊದಿಕೆ ತಪ್ಪಿತು ಅನ್ನಲಿಲ್ಲ, ಪ್ರವಾದನೆಗೆ ವಿರೋಧ ಹೋದೆ ಅಂತ ಶಪಿಸಲಿಲ್ಲ. ತಮಗೆ ತೋರಿದ್ದನ್ನೆಲ್ಲ ಹೇಳಿದರು, ತೀರ್ಮಾನವನ್ನು ಅವನಿಗೂ ದೇವರಿಗೂ ಬಿಟ್ಟರು. ನಿಮ್ಮ ನಂಬಿಕೆಯ ಮೇಲೆ ನಾವು ದೊರೆತನ ಮಾಡುವವರಲ್ಲ, ನಿಮ್ಮ ಸಂತೋಷಕ್ಕೆ ಸಹಾಯಕರು ಅಂತ ಪೌಲ ಕೊರಿಂಥದವರಿಗೆ ಬರೆದದ್ದೂ ಇದೇ ಮನಸ್ಸಿನಿಂದ. ಒಬ್ಬ ಪಾಸ್ಟರ್ "ನನಗೆ ಹೀಗೆ ಅನ್ನಿಸ್ತಿದೆ, ನೀನೂ ಪ್ರಾರ್ಥನೆ ಮಾಡು, ನಿನ್ನ ತೀರ್ಮಾನ ಏನೇ ಆದರೂ ನಾವು ನಿನ್ನ ಜೊತೆ ಇರ್ತೀವಿ" ಅಂದರೆ ಅವರ ಅಧಿಕಾರ ಒಂದು ಚೂರೂ ಕಡಿಮೆಯಾಗುವುದಿಲ್ಲ. ಅಂಥವರನ್ನು ನೋಡಿದ್ದೇನೆ. ಜನ ಅವರ ಹತ್ತಿರ ಹೆದರದೆ ಹೋಗುತ್ತಾರೆ.

ದೇವರ ಚಿತ್ತ ತಿಳಿಯೋದು ಹೇಗೆ ಅಂತ ಹುಡುಗರು ಕೇಳುತ್ತಲೇ ಇರುತ್ತಾರೆ. ಕೆಲಸ, ಮದುವೆ, ಊರು ಬಿಡೋದು, ಎಲ್ಲದಕ್ಕೂ ಒಂದು ದರ್ಶನ ಬೇಕು, ಒಬ್ಬರು ಬಂದು ಹೇಳಬೇಕು. ಅದಕ್ಕೇ ಮುದಿ ಪ್ರವಾದಿಗಳಿಗೆ ಬೇಡಿಕೆ. ನಾನು ಅವರಿಗೆ ಮತ್ತಾಯ 5ನೇ ಅಧ್ಯಾಯ ತೋರಿಸುತ್ತೇನೆ. ಯಜ್ಞವೇದಿಯ ಹತ್ತಿರ ಕಾಣಿಕೆ ತಂದಾಗ ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು, ಮೊದಲು ಹೋಗಿ ಅವನ ಜೊತೆ ಸಮಾಧಾನ ಮಾಡಿಕೋ. ಈ ಮಾತು ಕೇಳುತ್ತಿದ್ದವರು ಗಲಿಲಾಯದಲ್ಲಿದ್ದರು, ವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ನಡುವೆ ಹಲವು ದಿನಗಳ ಕಾಲ್ನಡಿಗೆ. ಅಷ್ಟು ದೂರ ನಡೆದು, ಕುರಿಯನ್ನೋ ಪಾರಿವಾಳವನ್ನೋ ತಂದು ನಿಂತವನು, ಅದನ್ನು ಬಿಟ್ಟು ಊರಿಗೆ ವಾಪಸ್ ನಡೆದು, ಆ ಮನುಷ್ಯನ ಮನೆ ಬಾಗಿಲು ತಟ್ಟಿ, ಮಾತಾಡಿ, ಮತ್ತೆ ಅಷ್ಟೇ ದೂರ ಬರಬೇಕು. ಇದು ಬರೆದಿಟ್ಟ ಅಪ್ಪಣೆ, ಇದಕ್ಕೆ ಯಾರ ದರ್ಶನವೂ ಬೇಡ. ಇದನ್ನು ಓದಿಸಿ, ನಿನಗೆ ಯಾರ ಹೆಸರು ನೆನಪಾಯಿತು ಅಂತ ಕೇಳುತ್ತೇನೆ. ಬಹುಪಾಲು ಎಲ್ಲರಿಗೂ ತಕ್ಷಣ ಒಂದು ಹೆಸರು ನೆನಪಾಗುತ್ತದೆ.